ಕೇಳದೆ ಬರೆದದ್ದು

ಮೊನ್ನೆ ಬಾವಿಗೆ ಹೊಸ ಹಗ್ಗ ಕಟ್ಟಿದೆ. ಕೈ ಎಷ್ಟು ತೊಳೆದರೂ ಕತ್ತದ ವಾಸನೆ ಹೋಗಲಿಲ್ಲ. ಹೊಳೆಯ ಕೆಸರಿನಲ್ಲಿ ಕೊಳೆತ ತೆಂಗಿನ ಸಿಪ್ಪೆಯ ವಾಸನೆ. ಕರ್ಕಿಯ ಆಚೆಮನೆ ಅಕ್ಕ ನೆನಪಾದಳು...

ನಾನಾಗ ಆ ಊರಿನಲ್ಲಿ ಹೊಸ ಮಾಸ್ತರ. ಜ್ವರ ಬಂದು ಮಲಗಿದಾಗ ಗಂಜಿ ತಂದುಕೊಟ್ಟವಳು ಅವಳೇ. ದೋಣಿ ನಡೆಸುತ್ತಿದ್ದ ಅವಳ ಗಂಡ ಸೊಂಟ ಮುರಿದುಕೊಂಡು ಏಳು ವರ್ಷದಿಂದ ಹಾಸಿಗೆ ಹಿಡಿದಿದ್ದ. ಅಕ್ಕ ಬೆಳಗಾದರೆ ಸಿಪ್ಪೆ ಬಡಿದು, ನಾರು ತೆಗೆದು, ಹಗ್ಗ ಹೊಸೆದು ಮನೆ ನಡೆಸುತ್ತಿದ್ದಳು. ಆ ಬಡಿಯುವ ಸದ್ದು ಶಾಲೆಯ ತನಕ ಕೇಳುತ್ತಿತ್ತು.

ನಲವತ್ತೊಂದರ ಖಾನೇಸುಮಾರಿ ಬಂತು. ಜನಗಣತಿಗೆ ಆಗ ಹಾಗೆನ್ನುತ್ತಿದ್ದರು. ಒಬ್ಬೊಬ್ಬರಿಗೂ ಇಪ್ಪತ್ತಕ್ಕೂ ಹೆಚ್ಚು ಪ್ರಶ್ನೆ. ಯಾವುದನ್ನು ಕೇಳುವುದು, ಯಾವುದನ್ನು ನಾವೇ ತುಂಬಿಬಿಡುವುದು ಎಂದು ಗಣತಿಗೆ ನೇಮಕವಾದ ಮಾಸ್ತರರೆಲ್ಲ ಒಂದು ಮಧ್ಯಾಹ್ನ ಕೂತು ತೀರ್ಮಾನಿಸಿದೆವು. "ಹೆಂಗಸರ ಕಸುಬು ಕೇಳ್ತಾ ಕೂತ್ರೆ ಮುಗಿಯೂದಿಲ್ಲ. ಎಲ್ಲರಿಗೂ ಗಂಡನ ಆಶ್ರಿತೆ ಅಂತ ಬರೆದ್ರೆ ಆತು" ಎಂದವನು ನಾನೇ. ಎಲ್ಲರೂ ಒಪ್ಪಿದರು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಅಕ್ಕನ ಮನೆಗೆ ಹೋದಾಗ ಅವಳು ಒಗೆದ ಸೀರೆ ಉಟ್ಟು ಜಗಲಿಯಲ್ಲಿ ಕಾದಿದ್ದಳು. ಪಕ್ಕದಲ್ಲಿ ಹೊಸ ಹಗ್ಗದ ಸುರುಳಿ. ನಾನು ಮೊದಲು ಕಾಗದ ತುಂಬಿಸಿದೆ. ಸುರುಳಿಯನ್ನು ನನಗೆ ಕೊಡಲು ಇಟ್ಟಿದ್ದಾಳೆಂದುಕೊಂಡು, "ಸರಕಾರದ ಕೆಲಸ ಅಕ್ಕ, ಎಂತದೂ ತಕೊಳ್ಳೂ ಹಾಂಗಿಲ್ಲ" ಎಂದೆ, ದೊಡ್ಡ ಮನುಷ್ಯನಂತೆ.

"ಕೊಡೂಕಲ್ಲ ಮಾಸ್ತರೇ, ತೋರ್ಸೂಕೆ" ಎಂದಳು. "ನಾ ಎಂತ ಮಾಡ್ತೆ ಅಂತ ಕೇಳೂದಿಲ್ವಾ?"

ಬರೆದಾಗಿತ್ತು. ಗಂಡನ ಕಸುಬು ದೋಣಿ, ಇವಳು ಅವನ ಆಶ್ರಿತೆ. "ಅದಕ್ಕೆಲ್ಲ ಇದರಲ್ಲಿ ಜಾಗ ಇಲ್ಲ ಅಕ್ಕ" ಎಂದೆ. ಸುಳ್ಳು. ಹೊಡೆದು ತಿದ್ದಲು ಬೇಕಾದಷ್ಟು ಜಾಗವಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ...

"ಆತು" ಎಂದು ಸುರುಳಿ ಎತ್ತಿಕೊಂಡು ಒಳಗೆ ಹೋದಳು.

ಆಮೇಲೂ ಅವಳು ಮೊದಲಿನಂತೆಯೇ ಇದ್ದಳು. ನಾನೇ ಅವಳ ಅಂಗಳ ತಪ್ಪಿಸಿ ಬಳಸು ದಾರಿ ಹಿಡಿದೆ. ಕುಮಟೆಗೆ ವರ್ಗವಾದಾಗ ಹೇಳಿಯೂ ಬರಲಿಲ್ಲ. ಅವಳು ತೀರಿಕೊಂಡ ಸುದ್ದಿಯನ್ನು ಎಷ್ಟೋ ವರ್ಷದ ಮೇಲೆ ಯಾರೋ ಬಸ್ಸಿನಲ್ಲಿ ಹೇಳಿದರು.

ಮೊನ್ನೆ ಇಷ್ಟೆಲ್ಲ ನೆನೆದು ನಾಚಿಕೊಂಡವನು ನಾನು. ನಿನ್ನೆ ಗಣತಿಯ ಹುಡುಗಿ ಬಂದು, "ಅಮ್ಮ ಎಂತ ಮಾಡ್ತಾರೆ?" ಎಂದು ಕೇಳಿದಳು. ನನ್ನ ಹೆಂಡತಿ ಮೂವತ್ತು ವರ್ಷದಿಂದ ಓಣಿಯ ಹೆಂಗಸರ ರವಿಕೆ ಹೊಲಿಯುತ್ತಾಳೆ. ಒಳಗೆ ಮಷಿನ್ ಓಡುತ್ತಲೇ ಇತ್ತು. "ಎಂತದೂ ಇಲ್ಲ, ಮನೇಲೇ ಇರ್ತಾಳೆ" ಎಂದುಬಿಟ್ಟೆ.

ಮಷಿನ್ ನಿಂತಿತು.

ಅಕ್ಕನ ಕ್ಷಮೆ ಕೇಳೋಣವೆಂದರೆ ಅವಳಿಲ್ಲ. ಒಳಗಿರುವವಳನ್ನು ಕೇಳಲು ಇನ್ನೂ ಬಾಯಿ ಬಂದಿಲ್ಲ.