ಪಾಠ ಮುಗಿಸಿ ಹೇಳ್ತೀನಿ ಎಂದಿದ್ದೆ

ಇವತ್ತು ಕಡೂರಿನ ಮಂಡಿಯ ಮುಂದೆ ಕೊಬ್ಬರಿಯ ವಾಸನೆ ಮೂಗಿಗೆ ಬಡಿಯಿತು. ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ನಮ್ಮ ಅಟ್ಟದ ಮೇಲೆ ಒಣಗಲು ಹಾಕಿದ್ದ ಕಾಯಿಗಳ ನಡುವೆ ಕೂತು ಇಂಗ್ಲಿಷ್ ಪಾಠ ಉರು ಹೊಡೆಯುತ್ತಿದ್ದೆ. ಅಮೆರಿಕದ ಹಳೆಯ ಕತೆ. ಹೆಂಡತಿಯನ್ನು ಒಳಗೆ ಕೂಡಿ ಗಂಡ ಹಾಕಿದ ಬೀಗ ಅವಳ ಬದುಕಿನ ಸಂಕೇತ ಎಂದು ಟೀಚರ್ ಬರೆಸಿದ್ದರು.

ಗಂಡನ ಹೊಡೆತ ತಾಳದೆ ತವರಿಗೆ ಬಂದಿದ್ದ ಸೋದರತ್ತೆ ನನ್ನಿಂದ ಆ ಕತೆ ಹೇಳಿಸಿಕೊಂಡಳು.

“ಕೊನೆಗೆ ಅವಳು ಆಚೆ ಬಂದ್ಲೇನೇ?”

“ಅದನ್ನ ಪರೀಕ್ಷೇಲಿ ಕೇಳಲ್ಲ ಅತ್ತೆ.”

“ನಾನು ವಾಪಸ್ ಹೋಗಲ್ಲ ಅಂತ ನಿಮ್ಮಪ್ಪಂಗೆ ಹೇಳೇ. ನಿನ್ ಮಾತಾದ್ರೂ ಕೇಳ್ತಾನೆ.”

“ಪಾಠ ಮುಗಿಸಿ ಹೇಳ್ತೀನಿ.”

ಅಷ್ಟರಲ್ಲಿ ಕೆಳಗಿನಿಂದ ಅಜ್ಜಿ ಕೂಗಿದರು. “ಮಡಿಲಕ್ಕಿಗೆ ಒಂದು ಒಳ್ಳೇ ಕೊಬ್ಬರಿ ತಾರೇ!”

ಮಡಿಲು ತುಂಬಿದ ಮೇಲೆ ಮಗಳು ಗಂಡನ ಮನೆಗೆ ಹೊರಡಲೇಬೇಕು. ನನಗದು ಗೊತ್ತಿತ್ತು. ಆದರೂ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಚೆನ್ನಾಗಿ ಒಣಗಿದ್ದನ್ನೇ ಆರಿಸಿ ಕೊಟ್ಟೆ. ಮಧ್ಯಾಹ್ನದ ಬಸ್ಸಿಗೆ ಅತ್ತೆಯನ್ನು ಹತ್ತಿಸಿದರು. ವರ್ಷ ತುಂಬುವುದರೊಳಗೆ ಅವಳು ತೀರಿಕೊಂಡಳು. ಹೇಗೆ ಎಂದು ನಮ್ಮಲ್ಲಿ ಯಾರೂ ವಿಚಾರಿಸಲಿಲ್ಲ.

ಈಗ ಅಪ್ಪನಿಗೆ ವಯಸ್ಸಾಗಿದೆ. ಅವತ್ತು ನಾನು ಹೇಳಿದ್ದರೆ ಅತ್ತೆಯನ್ನು ಉಳಿಸಿಕೊಳ್ಳುತ್ತಿದ್ದಿರಾ ಎಂದು ಅವರನ್ನು ಕೇಳಬೇಕು. ಕೇಳಲು ಧೈರ್ಯವಿಲ್ಲ. ಹೂಂ ಎಂದುಬಿಟ್ಟರೆ ನಾನೇನು ಮಾಡಲಿ?