ಕಿಟಕಿ ಮುಚ್ಚಿದ ಅಡುಗೆ

ಯಲಬುರ್ಗಾದ ಬಾಡಿಗೆದಾರರಲ್ಲಿ ವೆಂಕೋಬನಷ್ಟು ಶಿಸ್ತಾಗಿ ಸೀಗಡಿ ಬೇಯಿಸುವವರಿಲ್ಲ, ಆದರೆ ಅದು ಯಾರಿಗೂ ಗೊತ್ತಿಲ್ಲ. ವಾಸನೆಯಿಂದಲೇ ಮೂರು ಮನೆ ಕಳೆದುಕೊಂಡವನು, ಈ ನಾಲ್ಕನೆಯದನ್ನು "ನಾವು ಮೀನು ಮಾಂಸ ಮುಟ್ಟಂಗಿಲ್ರಿ" ಎಂದು ಹೇಳಿಯೇ ಹಿಡಿದಿದ್ದಾನೆ. ರವಿವಾರ ಸಂಜೆ ಮನೆಯೊಡತಿ ಶಿವಬಸಮ್ಮ ಮಠಕ್ಕೆ ಹೊರಟರೆ ಅವನಿಗೆ ಸಿಗುವುದು ನಲವತ್ತು ನಿಮಿಷ. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ನಾಲ್ಕು ಊದಿನಕಡ್ಡಿ ಹಚ್ಚುತ್ತಾನೆ. ಆಲೂಗಡ್ಡೆಯನ್ನು ಒಂದೇ ಅಳತೆಗೆ ಹೆಚ್ಚಿ ಬೇಯಿಸಿ, ಹಿಟ್ನಾಳದಿಂದ ತಂದ ಸೀಗಡಿ ಸೇರಿಸಿ, ಗಡಿಯಾರ ನೋಡುತ್ತ ನಾಲ್ಕೇ ನಿಮಿಷ ಮುಚ್ಚಿಡುತ್ತಾನೆ. ಸಿಪ್ಪೆಗಳು ಮೂರು ಪ್ಲಾಸ್ಟಿಕ್ ಚೀಲಗಳೊಳಗೆ ಅಡಗಿ, ಸೋಮವಾರ ಅವನೊಂದಿಗೇ ಬಸ್ಸು ಹತ್ತಿ ಊರು ದಾಟುತ್ತವೆ. ಎದುರಾದಾಗಲೆಲ್ಲ ಶಿವಬಸಮ್ಮ, "ನಿಮ್ಮಂಥಾ ಛಲೋ ಮಂದಿ ಸಿಗೂದು ಅಪರೂಪ ನೋಡ್ರಿ. ನಿಮ್ಮ ಮನ್ಯಾಗ ಯಾವತ್ತೂ ಊದಿನಕಡ್ಡಿ ವಾಸನಿ" ಎನ್ನುತ್ತಾರೆ. "ಏನೋ ರೂಢಿ ಆಗೇತ್ರಿ ಅಮ್ಮಾರ" ಎಂದು ಅವನು ನೆಲ ನೋಡುತ್ತಾನೆ. ಇದೆಲ್ಲ ತನಗಾಗಿ ಅಲ್ಲ, ಅವನಿಗೆ ಬೇಳೆಸಾರೇ ಸಾಕು. ಒಳಗೆ ಮಲಗಿರುವ ತಾಯಿ ಮಾರೆವ್ವ ತುಂಗಭದ್ರೆಯ ಹಿನ್ನೀರಿನಲ್ಲಿ ಬಲೆ ಎಳೆದು ಅವನನ್ನು ಓದಿಸಿದವಳು. ಈಗ ಅವಳಿಗೆ ಎಲ್ಲವೂ ಮರೆತಿದೆ, ಮಗನನ್ನು ಕಂಡರೆ "ಯಾರಪಾ ನೀ" ಎನ್ನುತ್ತಾಳೆ. ಸೀಗಡಿಯ ಮೊದಲ ತುತ್ತು ನಾಲಿಗೆಗೆ ತಾಗಿದಾಗ ಮಾತ್ರ ಅವಳ ಮುಖ ಅರಳುತ್ತದೆ. "ಸೀಗಡಿ ಐತಲ್ಲೋ ವೆಂಕ್ಯಾ" ಎಂದು, ವಾರಕ್ಕೊಮ್ಮೆ ಮಗನ ಹೆಸರು ಅವಳ ಬಾಯಿಗೆ ಬರುತ್ತದೆ, ಹಿನ್ನೀರಿನ ಆಚೆ ದಡಕ್ಕೆ ಕೂಗುವಷ್ಟು ದೊಡ್ಡ ದನಿಯಲ್ಲಿ. ಅಷ್ಟರಲ್ಲಿ ಹೊರಗೆ ಗೇಟು ಸದ್ದಾಗುತ್ತದೆ, ಅವನು ಅಂಗೈಯಿಂದ ಅವಳ ಬಾಯಿ ಮುಚ್ಚುತ್ತಾನೆ.