ಕೋಲಾಟದ ಗೋಡೆಯಲ್ಲಿ ಒಂದು ಸಂದಿ

ಮೂರು ವರ್ಷದ ಹಿಂದೆ ನಾನು ಇಂಡಿ ತಾಲ್ಲೂಕಿನ ಸಾಲೋಟಗಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರದ ಶಿಕ್ಷಕಿ. ನಮ್ಮಲ್ಲಿ ಬಿಸಿಯೂಟ ಮಾಡುತ್ತಿದ್ದ ಗಂಗವ್ವನ ಎಂಟು ತಿಂಗಳ ಮೊಮ್ಮಗಳಿಗೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿತ್ತು. ವೈದ್ಯರು ಅದನ್ನು ವಿಎಸ್‌ಡಿ ಎನ್ನುತ್ತಾರೆ. ತಿಂಗಳೊಳಗೆ ಆಪರೇಷನ್ ಆಗಬೇಕೆಂದಿದ್ದರು. ಮಗ-ಸೊಸೆ ಒಪ್ಪಿದ್ದರೂ ಗಂಗವ್ವನ ಮಾತು ಮೀರುವ ಧೈರ್ಯ ಅವರಿಗಿರಲಿಲ್ಲ.

"ಅಂಗೈಯಷ್ಟು ಎದಿ ಐತ್ರಿ, ಕೊಯ್ಯಾಕ ಕೊಡಂಗಿಲ್ಲ. ಕೂಸಿಗೆ ದೃಷ್ಟಿ ಆಗೇತಿ," ಎಂದಳು.

ಚಾರ್ಟ್ ಬಿಡಿಸಿ ಅರ್ಧ ತಾಸು ಹೇಳಿದೆ. ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ ಎಲ್ಲ ಬಂದುಹೋದವು. ಆಕೆ ಆಕಳಿಸಿದಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ನಿನಗ ತಿಳಿಯಂಗಿಲ್ಲ ಬಿಡು," ಎಂದುಬಿಟ್ಟೆ. ವಾರವಿಡೀ ಆಕೆ ನನ್ನೊಡನೆ ಮಾತಾಡಲಿಲ್ಲ.

ಆಗ ವಿಜ್ಞಾನ ಮೇಳಕ್ಕೆಂದು ಹುಡುಗಿಯರಿಗೆ ರಕ್ತಪರಿಚಲನೆಯ ಕೋಲಾಟ ಕಲಿಸುತ್ತಿದ್ದೆ. ಹಲಗಿ ಬಡಿತವೇ ಎದೆಬಡಿತ. ನೀಲಿ ಓಢಣಿಯವರು ಮೈಯಿಂದ ಬಂದ ರಕ್ತ. ಬಲಕೋಣೆ ದಾಟಿ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಕೆಂಪು ಹೊದ್ದು, ಎಡಕೋಣೆಯಿಂದ ಮತ್ತೆ ಮೈಗೆ ಹೊರಡಬೇಕು. ಎರಡು ಕೋಣೆಗಳ ನಡುವೆ ಆರು ಹುಡುಗಿಯರು ಕೈ ಕೈ ಹಿಡಿದು ಗೋಡೆಯಾಗಿದ್ದರು.

ಒಂದು ದಿನ ತಾಲೀಮಿನಲ್ಲಿ ಗೋಡೆಯ ಇಬ್ಬರ ಕೈ ತಪ್ಪಿತು. ಕೆಂಪಿನವರು ಆ ಸಂದಿಯಲ್ಲಿ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋದರು. ಅಲ್ಲಿ ನೂಕುನುಗ್ಗಲು, ಎಲ್ಲರಿಗೂ ಏದುಸಿರು. ಮೈಯಾಗಿ ನಿಂತವರು, "ಅಕ್ಕಾರ, ನಮ್ಮ ಕಡಿ ಯಾರೂ ಬರವಲ್ರು!" ಎಂದು ಕೂಗಿದರು. ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ, ದಿನವೂ ಬಾಗಿಲಲ್ಲಿ ನಿಂತು ತಾಲೀಮು ನೋಡುತ್ತಿದ್ದ ಗಂಗವ್ವ ಅಡುಗೆಕೋಣೆಯಿಂದ ಅಂಗಳಕ್ಕೆ ಬಂದಳು.

"ಅಕ್ಕಾರ, ನಮ್ಮ ಕೂಸು ಹಾಲು ಕುಡಿವಾಗ ತೇಕಿ ಬೆವರೂದು ಇದಕ್ಕೇನ್ರಿ? ಕುಡದದ್ದು ಮೈಗೆ ಹತ್ತವಲ್ದು, ಅದೂ ಇದಕ್ಕನ?"

"ಹೌದು ಗಂಗವ್ವ, ಇದಕ್ಕ."

ಆಕೆ ಸೀದಾ ಹೋಗಿ ಆ ಇಬ್ಬರ ಕೈ ಕೂಡಿಸಿದಳು. "ಬಿಡಬ್ಯಾಡ್ರೇ!" ಹಲಗಿ ಮತ್ತೆ ಶುರುವಾಯಿತು. ಕೆಂಪಿನವರು ಕುಣಿಯುತ್ತ ಮೈಯ ಕಡೆ ಹೊರಟರು.

"ಡಾಕ್ಟರು ಮಾಡೂದು ಇಷ್ಟನ?"

"ಇಷ್ಟ. ಆದ್ರ ಎದಿ ಕೊಯ್ಯೂದಂತೂ ತಪ್ಪಂಗಿಲ್ಲ," ಎಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

ಮರುದಿನವೇ ಅವರು ಆಸ್ಪತ್ರೆಗೆ ಹೊರಟರು. ಆಪರೇಷನ್ ದಿನ ನನ್ನ ಕೈಯಲ್ಲಿ ಪಾಠ ಸಾಗಲಿಲ್ಲ. ಸಂಜೆ ಗಂಗವ್ವನ ಮಗನ ಫೋನ್ ಬಂತು: "ಕೂಸು ಆರಾಮ ಐತ್ರಿ." ಸ್ಟಾಫ್ ರೂಮಿನಲ್ಲೇ ಅತ್ತುಬಿಟ್ಟೆ, ಅಷ್ಟು ಹಗುರಾಗಿತ್ತು ಜೀವ.

ಮೂರು ವಾರದ ಮೇಲೆ ಗಂಗವ್ವ ಕೆಲಸಕ್ಕೆ ಬಂದಳು. ಅಂದು ಆಡಿದ ಮಾತಿಗೆ ತಪ್ಪಾಯಿತು ಎಂದೆ.

"ಅದಿರ್ಲಿ ಬಿಡ್ರಿ. ವಾರ್ಡಿನ್ಯಾಗ ಇನ್ನೊಬ್ಬಾಕಿ ಕೂಸಿನ ಎದಿ ಕೊಯ್ಯಾಕ ಕೊಡಂಗಿಲ್ಲಂತ ಅಳಾಕತ್ತಿದ್ಲು. ನರ್ಸಮ್ಮಗೋಳ್ನ ಸಾಲಾಗಿ ನಿಲ್ಲಿಸಿ, ಆಕಿಗೆ ಕುಣದು ತೋರ್ಸಿದ್ನಿ. ಒಪ್ಪಿದ್ಲ್ರಿ."

ಮೂವತ್ತೊಂದು ವರ್ಷ ಪ್ರತಿ ಪಾಠದ ಕೊನೆಗೆ "ತಿಳೀತಾ?" ಎಂದು ಕೇಳಿದವಳು ನಾನು. ತಿಳಿದವರು ಅದನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ ಎಂದು ನನಗೆ ಕಲಿಸಿದವಳು ಗಂಗವ್ವ.